ಗೋಲ್ಡ್‌ಫಿಶ್‌ಗೂ ಬರುತ್ತೆ ಹರ್ಪಿಸ್

ಚಳಿಗಾಲ ಬಂತೆಂದರೆ ನನ್ನ ಫೋನಿಗೆ ಒಂದೇ ತರಹದ ಕರೆಗಳು. "ಡಾಕ್ಟ್ರೇ, ನಿನ್ನೆ ಮೂರು, ಇವತ್ತು ಐದು ಗೋಲ್ಡ್‌ಫಿಶ್ ಹೋದ್ವು. ನೀರು ಚೆನ್ನಾಗೇ ಇದೆ." ನಾನು ಮೊದಲು ಕೇಳುವುದು ನೀರಿನ ಬಗ್ಗೆ ಅಲ್ಲ. "ಹೊಸ ಮೀನು ಯಾವಾಗ ತಂದ್ರಿ?" ಬಹಳ ಸಲ, ಹತ್ತು-ಹದಿನೈದು ದಿನದ ಹಿಂದೆ ಅನ್ನುತ್ತಾರೆ.

ಸತ್ತ ಮೀನಿನ ಕಿವಿರಿನ ಮುಚ್ಚಳ ಎತ್ತಿ ನೋಡುತ್ತೇನೆ. ಕೆಂಪಗಿರಬೇಕಾದ ಕಿವಿರು ಬಿಳಿಚಿಕೊಂಡಿದ್ದರೆ ಹರ್ಪಿಸ್ ವೈರಸ್ ಮೇಲೆ ಅನುಮಾನ. ಮೀನಿಗೆ ರಕ್ತ ತಯಾರಾಗುವುದು ಮೂಳೆಯೊಳಗಲ್ಲ, ಮೂತ್ರಪಿಂಡದಲ್ಲಿ. ಈ ವೈರಸ್ ಕೈಹಾಕುವುದು ಅಲ್ಲಿಗೇ. ಖಚಿತವಾಗಲು ಪಿಸಿಆರ್, ಅಂದರೆ ವೈರಸ್‌ನ ಡಿಎನ್‌ಎ ಹುಡುಕುವ ಪರೀಕ್ಷೆ ಬೇಕು.

ಗೆಂಡೆ ಜಾತಿಯ ಮೀನುಗಳನ್ನು ಕಾಡುವ ಹರ್ಪಿಸ್‌ಗಳಲ್ಲಿ ಮೂರು ಮುಖ್ಯ. ಒಂದು ಗೆಂಡೆ ಸಿಡುಬು: ಮೈಮೇಲೆ ಮೇಣ ತೊಟ್ಟಿಕ್ಕಿದಂಥ ಗಂಟು. ನೋಡೋಕೆ ಅಸಹ್ಯ, ಆದರೆ ದೊಡ್ಡ ಮೀನು ಸಾಯುವುದು ಅಪರೂಪ. ಎರಡನೆಯದು ಈ ಗೋಲ್ಡ್‌ಫಿಶ್‌ನದು, 1990ರ ದಶಕದಲ್ಲಿ ಜಪಾನಿನಲ್ಲಿ ಗುರುತಿಸಿದ್ದು, ಭಾರತದಲ್ಲೂ ಪತ್ತೆಯಾಗಿದೆ. ಮೂರನೆಯದು ಅಲಂಕಾರಕ್ಕೆ ಸಾಕುವ ಕೊಯ್ ಮೀನಿನ ಹರ್ಪಿಸ್, ಮೂರರಲ್ಲಿ ಮಹಾ ಕ್ರೂರಿ. 1998ರಲ್ಲಿ ಇಸ್ರೇಲ್, ಅಮೆರಿಕದ ಕೊಳಗಳಲ್ಲಿ ಮೀನು ಕೊಂದಿತು. 2003ರಲ್ಲಿ ಜಪಾನಿನ ಕಾಸುಮಿಗೌರಾ ಸರೋವರದ ಸಾಕಣೆ ಗೆಂಡೆಗಳನ್ನು ರಾಶಿ ರಾಶಿ ಬಲಿ ತೆಗೆದುಕೊಂಡಿತು. ಬಣ್ಣದ ಕೊಯ್ ಮತ್ತು ನಮ್ಮ ಕೆರೆಗಳಿಗೆ ಬಿಡುವ ಸಾಮಾನ್ಯ ಗೆಂಡೆ ಹತ್ತಿರದ ಬಂಧುಗಳು. ಆದ್ದರಿಂದ ಬೇಡವಾದ ಕೊಯ್ ಮೀನನ್ನು ಕೆರೆಗೆ ಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮನುಷ್ಯರಿಗೆ ಇವು ಅಂಟುವುದಿಲ್ಲ. ಆದರೆ ತುಟಿ ಮೇಲೆ ಪದೇ ಪದೇ ಏಳುವ ಜ್ವರದ ಗುಳ್ಳೆ ಇದೆಯಲ್ಲ, ಆ ಹರ್ಪಿಸ್‌ನ ಚಾಳಿ ಇವಕ್ಕೂ ಇದೆ. ಮೈಯೊಳಗೆ ಸುಮ್ನೆ ಅಡಗಿ ಕೂರುತ್ತವೆ. ನೀರಿನ ತಾಪ ತಮಗೆ ಹಿಡಿಸಿದಾಗ ಏಳುತ್ತವೆ. ಗೋಲ್ಡ್‌ಫಿಶ್‌ನದಕ್ಕೆ 15ರಿಂದ 25 ಡಿಗ್ರಿ ಹಿತ. ಬೆಂಗಳೂರಿನ ಚಳಿಗಾಲ ಅದಕ್ಕೆ ಹಬ್ಬ.

ಔಷಧಿ? ಇಲ್ಲ. ಆಂಟಿಬಯೋಟಿಕ್ ಸುರಿದರೆ ವೈರಸ್‌ಗೆ ಏನೂ ಆಗದು, ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯಬಹುದು ಅಷ್ಟೆ. ಹೀಟರ್ ಹಾಕಿ ನೀರನ್ನು 30 ಡಿಗ್ರಿಗೆ ಏರಿಸಿದರೆ ಸಾವು ನಿಲ್ಲುವುದುಂಟು. ವೈರಸ್ ಮಾತ್ರ ಹೋಗಿರುವುದಿಲ್ಲ. ಹೀಗೆ ಬದುಕಿದ ಮೀನನ್ನೇ "ಗಟ್ಟಿ ಮೀನು ಸಾರ್" ಎಂದು ಮಾರಿದರೆ ಮುಂದಿನ ಟ್ಯಾಂಕಿಗೂ ರೋಗ ಹೊರಟಂತೆ.

ಹೊಸ ಮೀನನ್ನು ಒಂದು ತಿಂಗಳು ಬೇರೆ ತೊಟ್ಟಿಯಲ್ಲಿಡಿ, ನೀರು 22ರಿಂದ 24 ಡಿಗ್ರಿ ಇರಲಿ, ಒಳಗೆ ವೈರಸ್ ಅಡಗಿದ್ದರೆ ಅಲ್ಲೇ ಎದ್ದು ಕಾಣಲಿ ಅಂತ. ನಿಮ್ಮ ಹಳೆಯ ಮೀನೊಂದನ್ನು ಅದರ ಜೊತೆ ಬಿಡಿ. ಪಾಪ ಅನಿಸುತ್ತದೆ, ನಿಜ. ಆದರೆ ಹೊಸಬರು ಏನು ಹೊತ್ತು ತಂದಿದ್ದಾರೆಂದು ಕಾಯಿಲೆ ಬಿದ್ದು ಮೊದಲು ಹೇಳುವುದು ಆ ಮೀನೇ. ಆ ತೊಟ್ಟಿಗೆ ಬಲೆ ಬೇರೆ, ಬಕೆಟ್ ಬೇರೆ. ಬಳಸಿದ ಮೇಲೆ ತೊಳೆದು ಬಿಸಿಲಿಗೆ ಒಣಗಿಸಿ.