ದನಿಯಿಂದ ಪಾತ್ರ ಕಟ್ಟಿದವನು: ಆಲ್ಬೆರ್ತೊ ಸೋರ್ದಿ

ಲಾರೆಲ್-ಹಾರ್ಡಿ ಜೋಡಿಗೆ ಇಟಲಿಯಲ್ಲಿ ಸ್ತಾನ್ಲಿಯೊ, ಒಲ್ಲಿಯೊ ಅಂತ ಹೆಸರು. ಅಲ್ಲಿನ ದಢೂತಿ ಒಲ್ಲಿಯೊ ಸಿಟ್ಟು ಬಂದಾಗ ಗೆಳೆಯನನ್ನು 'ಸ್ತುಪೀದೊ' ಎಂದು ಬೈಯುತ್ತಾನೆ. ಇಟಾಲಿಯನ್ನರು ದಡ್ಡನಿಗೆ ಹೇಳುವುದು 'ಸ್ತೂಪಿದೊ'. ದೀರ್ಘ ಬರಬೇಕಾದ್ದು ಮೊದಲ ಅಕ್ಷರಕ್ಕೆ, ಇವನು ಎಳೆಯುವುದು ನಡುವಿನ ಅಕ್ಷರವನ್ನು. ಆ ತಪ್ಪು ಉಚ್ಚಾರಣೆ ಬೇಕೆಂದೇ ಮಾಡಿದ್ದು. ಅದರ ಹಿಂದಿನ ಕಂಠ ರೋಮ್‌ನ ತ್ರಾಸ್ತೇವೆರೆ ಬಡಾವಣೆಯಲ್ಲಿ 1920ರ ಜೂನ್ 15ರಂದು ಹುಟ್ಟಿದ ಆಲ್ಬೆರ್ತೊ ಸೋರ್ದಿಯದು. ಮುಂದೆ ನೂರೈವತ್ತರ ಆಸುಪಾಸು ಚಿತ್ರಗಳಲ್ಲಿ ನಟಿಸಿದ ಈತನನ್ನು ಎಲ್ಲರೂ ಮುಖಚರ್ಯೆಗೆ ಹೊಗಳುತ್ತಾರೆ. ಡಬ್ಬಿಂಗ್ ಕೆಲಸ ಬಲ್ಲವರಿಗೆ ಕಾಣುವುದೇ ಬೇರೆ: ಅವನ ಪಾತ್ರಗಳು ಮೊದಲು ಗಂಟಲಲ್ಲಿ ತಯಾರಾಗಿ ಆಮೇಲೆ ಮುಖಕ್ಕೆ ಬಂದವು.

ಆ ತಪ್ಪು ಉಚ್ಚಾರಣೆಗೂ ಒಂದು ಹಿನ್ನೆಲೆಯಿದೆ. ಮುಸೊಲಿನಿ ಸರ್ಕಾರ 1930ರಲ್ಲಿ ಪರಭಾಷೆಯ ಸಂಭಾಷಣೆ ಇರುವ ಚಿತ್ರಗಳನ್ನು ತಡೆಯಿತು. ಮೂಕಿಯುಗ ಮುಗಿದ ಹೊಸದರಲ್ಲಿ ಲಾರೆಲ್ ಮತ್ತು ಹಾರ್ಡಿ ತಮ್ಮ ಕೆಲವು ಚಿತ್ರಗಳನ್ನು ಬೇರೆ ಬೇರೆ ಭಾಷೆಗಳಲ್ಲಿ ತಾವೇ ಮತ್ತೆ ಅಭಿನಯಿಸುತ್ತಿದ್ದರು. ಕ್ಯಾಮೆರಾದ ಪಕ್ಕ ಹಲಗೆಯ ಮೇಲೆ ಉಚ್ಚಾರಣೆ ಬರೆದಿಟ್ಟಿರುತ್ತಿದ್ದರು, ಇವರು ಅರ್ಥ ಗೊತ್ತಿಲ್ಲದೆ ಓದುತ್ತಿದ್ದರು. ಆ ಒಡ್ಡೊಡ್ಡು ಇಟಾಲಿಯನ್‌ಗೆ ಜನ ಬಿದ್ದು ಬಿದ್ದು ನಕ್ಕರು. ಹಾಗಾಗಿ ಡಬ್ಬಿಂಗ್ ಬಂದ ಮೇಲೂ ಆ ಇಂಗ್ಲಿಷ್ ಸೊಗಡನ್ನು ಉಳಿಸಿಕೊಂಡರು. ಹದಿಹರೆಯದ ಸೋರ್ದಿ 1937ರ ಹೊತ್ತಿಗೆ ಹಾರ್ಡಿಯ ಕಂಠವಾದ. ಲಾರೆಲ್‌ಗೆ ಮೌರೊ ಜಂಬೂತೊ ದನಿ ಕೊಟ್ಟ. ಹಾರ್ಡಿಯ ಸ್ವಂತ ದನಿ ಹಗುರ, ತುಸು ಮೇಲಿನ ಶ್ರುತಿಯದು. ಸೋರ್ದಿ ಅದನ್ನು ಅನುಕರಿಸಲಿಲ್ಲ. ಮೈಗೆ ತಕ್ಕಂತೆ ದಪ್ಪ ಮಂದ್ರ ದನಿ ಕೊಟ್ಟ. ತುಟಿ ಹಾರ್ಡಿಯದು, ಹೊಟ್ಟೆ ಸೋರ್ದಿಯದು!

ಆಗಿನ ಡಬ್ಬಿಂಗ್ ಥಿಯೇಟರ್ ಹೇಗೆ ನಡೆಯುತ್ತಿತ್ತು ಅಂತ ತಿಳಿದರೆ ಈ ತರಬೇತಿಯ ಬೆಲೆ ಗೊತ್ತಾಗುತ್ತದೆ. ಚಿತ್ರವನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಪ್ರತಿ ತುಂಡಿನ ತಲೆಗೂ ಬಾಲಕ್ಕೂ ಅಂಟು ಹಾಕಿ ಬಳೆಯ ಹಾಗೆ ಸೇರಿಸುತ್ತಿದ್ದರು. ಇಟಲಿಯ ಸ್ಟುಡಿಯೊಗಳಲ್ಲಿ ಅದಕ್ಕೆ 'ಅನೆಲ್ಲೊ' ಅನ್ನುತ್ತಾರೆ, ನಮ್ಮವರ ಬಾಯಲ್ಲಿ ಲೂಪ್. 35 ಎಂಎಂ ಫಿಲ್ಮ್ ಸೆಕೆಂಡಿಗೆ 24 ಫ್ರೇಮ್‌ನಂತೆ ಓಡಿದರೆ ನಿಮಿಷಕ್ಕೆ 27 ಮೀಟರ್ ಚಿಲ್ಲರೆ ಬೇಕು. ಅಂದರೆ ಅರ್ಧ ನಿಮಿಷದ ಲೂಪ್ ಸುಮಾರು 14 ಮೀಟರ್. ಅದು ತೆರೆಯ ಮೇಲೆ ಸುತ್ತುತ್ತಲೇ ಇರುತ್ತದೆ. ಕಂಠದಾನ ಕಲಾವಿದ ಮೊದಲ ಸುತ್ತು ಬರೀ ನೋಡಬೇಕು, ಎರಡನೆಯದರಲ್ಲಿ ಉಸಿರೆಲ್ಲಿ ಅಂತ ಗುರುತಿಸಬೇಕು, ಆಮೇಲೆ ಮಾತು. ಪ, ಬ, ಮ ಬಂದಲ್ಲಿ ತೆರೆಯ ಮೇಲಿನ ತುಟಿಯೂ ಮುಚ್ಚಿರಲೇಬೇಕು. ಮಿಕ್ಕ ಅಕ್ಷರಗಳಲ್ಲಿ ಒಂದೆರಡು ಫ್ರೇಮ್ ಹಿಂದೆ ಮುಂದೆ ಆದರೆ ಕಣ್ಣು ಕ್ಷಮಿಸುತ್ತದೆ, ಇವುಗಳಲ್ಲಿ ಕ್ಷಮಿಸುವುದಿಲ್ಲ. ಹೊಸಬರು ಎಡವುವುದು ಮಾತಿನಲ್ಲಲ್ಲ, ಮಾತಿಗೆ ಮುಂಚಿನ ಉಸಿರಿನಲ್ಲಿ. ಎದೆ ಉಬ್ಬಿದ್ದು ತೆರೆಯಲ್ಲಿ ಕಂಡು ಮೈಕ್‌ನಲ್ಲಿ ಉಸಿರು ಕೇಳದಿದ್ದರೆ, ಲಿಪ್ ಸಿಂಕ್ ಎಷ್ಟೇ ಸರಿಯಿದ್ದರೂ ದನಿ ಮುಖಕ್ಕೆ ಅಂಟುವುದಿಲ್ಲ. ಹಾರ್ಡಿಯಂತಹ ನಟ ಟೈ ಹಿಡಿದು ಆಡಿಸುತ್ತ, ಕ್ಯಾಮೆರಾವನ್ನೇ ದಿಟ್ಟಿಸಿ, ಆಮೇಲೆ ಬಾಯಿ ತೆರೆಯುವವನು. ಆ ತಡೆಯುವಿಕೆಯನ್ನು ವರ್ಷಗಟ್ಟಲೆ ಅಳೆದವನಿಗೆ ಹಾಸ್ಯದ ಕಾಲಪ್ರಮಾಣವನ್ನು ಯಾವ ಶಾಲೆಯೂ ಬೇರೆ ಕಲಿಸಬೇಕಿಲ್ಲ. ಶಾಲೆ ಕಲಿಸಲೂ ಇಲ್ಲ ಅನ್ನಿ. ಮಿಲಾನಿನ ನಾಟಕ ಅಕಾಡೆಮಿ ರೋಮ್‌ನ ಆಡುಭಾಷೆಯ ಎಳೆತ ಬಿಡಲಿಲ್ಲವೆಂದು ಅವನನ್ನು ಹೊರಗೆ ಕಳಿಸಿತ್ತು. ಆ ಎಳೆತವೇ ಮುಂದೆ ಅವನ ಅನ್ನವಾಯಿತು.

ಇಟಲಿಯ ಚಿತ್ರರಂಗ ಬಹುಕಾಲ ಸೆಟ್ಟಿನ ಶಬ್ದವನ್ನು ನೆಚ್ಚಲಿಲ್ಲ. ಸ್ಥಳದಲ್ಲಿ ದಾಖಲಾದದ್ದು ಪೈಲಟ್ ಟ್ರ್ಯಾಕ್, ಅಂದರೆ ಡಬ್ಬಿಂಗ್‌ಗೆ ದಾರಿ ತೋರುವ ಕಚ್ಚಾ ಧ್ವನಿ ಮಾತ್ರ. ಮಾತೆಲ್ಲ ಆಮೇಲೆ ಥಿಯೇಟರಿನಲ್ಲಿ. ಮುಖ ಒಬ್ಬರದು, ಕಂಠ ಇನ್ನೊಬ್ಬರದು ಆಗುವುದು ಅಲ್ಲಿ ಮಾಮೂಲು. ನಾಯಕಿಯ ದನಿ ಬೇರೆಯವರದು ಅಂದರೆ ಕನ್ನಡ ಪ್ರೇಕ್ಷಕರೇನೂ ಬೆರಗಾಗಲಾರರು. ಕ್ಲೌದಿಯಾ ಕಾರ್ದಿನಾಲೆಯ ಸ್ವಂತ ದನಿ ತೆರೆಯಲ್ಲಿ ಕೇಳಲು 1963ರಲ್ಲಿ ಬಂದ, ಫೆಲ್ಲಿನಿ ನಿರ್ದೇಶನದ ಚಿತ್ರ 'ಎಂಟೂವರೆ'ವರೆಗೆ ಕಾಯಬೇಕಾಯಿತು. 1950ರ 'ದೊಮೇನಿಕಾ ದಗೋಸ್ತೊ' ಚಿತ್ರದಲ್ಲಿ ನಟ ಮಾರ್ಚೆಲ್ಲೊ ಮಾಸ್ತ್ರೊಯಾನಿಗೆ ದನಿ ಕೊಟ್ಟವನು ಇದೇ ಸೋರ್ದಿ. ಇಂಥ ಕಡೆ ತನ್ನ ದನಿಯನ್ನು ತಾನೇ ಪಳಗಿಸಿಕೊಂಡ ನಟನಿಗೆ ಸಿಗುವ ಲಾಭ ದೊಡ್ಡದು: ಶೂಟಿಂಗ್‌ನಲ್ಲಿ ಒಮ್ಮೆ, ಡಬ್ಬಿಂಗ್‌ನಲ್ಲಿ ಇನ್ನೊಮ್ಮೆ, ಒಂದೇ ಪಾತ್ರವನ್ನು ಎರಡು ಸಲ ತಿದ್ದಬಹುದು.

ಆದರೂ ನಾಯಕನಾಗಲು ಅವನು ಒದ್ದಾಡಿದ. ಯುದ್ಧದ ನಂತರ ರೇಡಿಯೊ ಅವನನ್ನು ಮನೆಮಾತಾಗಿಸಿತ್ತು. ಸಿನಿಮಾದಲ್ಲಿ ಮಾತ್ರ ಫೆಲ್ಲಿನಿಯ 'ಬಿಳಿ ಶೇಖ್' (1952) ಮಕಾಡೆ ಮಲಗಿತು. ಮರುವರ್ಷ ಅದೇ ಫೆಲ್ಲಿನಿ 'ಇ ವಿತೆಲ್ಲೋನಿ'ಗೆ ಇವನನ್ನೇ ಹಾಕಿಕೊಂಡಾಗ, ಪೋಸ್ಟರ್‌ನಲ್ಲಿ ಸೋರ್ದಿಯ ಹೆಸರು ಬೇಡ ಅಂತ ಹಂಚಿಕೆದಾರರು ಹಟ ಹಿಡಿದರು. ಇವತ್ತು ಆ ಚಿತ್ರದಲ್ಲಿ ಜನ ನೆನೆಯುವುದು ಅವನ ದೃಶ್ಯವನ್ನೇ. ಕಾರಿನಲ್ಲಿ ಹೋಗುವಾಗ ರಸ್ತೆ ಕೆಲಸದವರನ್ನು 'ಕೂಲಿಗಳೇ' ಅನ್ನುವ ಧಾಟಿಯಲ್ಲಿ ಕೂಗಿ, ತೋಳೆತ್ತಿ ತೋರಿಸಿ, ಬಾಯಲ್ಲಿ ಪುರ್ರ್ ಎಂದು ಅಣಕಿಸುತ್ತಾನೆ. ನಾಲ್ಕು ಮಾರು ಹೋಗುವಷ್ಟರಲ್ಲಿ ಕಾರು ಕೈಕೊಡುತ್ತದೆ. ಸೊಕ್ಕಿನಿಂದ ಅಂಜಿಕೆಗೆ ಇಳಿಯಲು ಅವನಿಗೆ ಒಂದು ಉಸಿರು ಸಾಕು. ಸೋರ್ದಿಯ ನಟನೆಯ ಇಡೀ ವ್ಯಾಕರಣ ಅಲ್ಲಿದೆ.

1954ರಲ್ಲಿ ಸ್ತೇನೊ ನಿರ್ದೇಶಿಸಿದ 'ಉನ್ ಅಮೆರಿಕಾನೊ ಅ ರೋಮಾ'ದ ನಾಂದೊ ಮೆರಿಕೋನಿ ಅಮೆರಿಕದ ಹುಚ್ಚು ಹಿಡಿದ ಹುಡುಗ. ರಾತ್ರಿ ಮನೆಗೆ ಬರುತ್ತಾನೆ, ಮೇಜಿನ ಮೇಲೆ ಅಮ್ಮ ಇಟ್ಟ ಮ್ಯಾಕರೋನಿ. ಅದನ್ನು ಆಚೆ ತಳ್ಳಿ, ಬ್ರೆಡ್ಡಿಗೆ ಜಾಮ್, ಮೊಸರು, ಸಾಸಿವೆ ಬಳಿದು, ಹಾಲು ಸುರಿದು ಬಾಯಿಗಿಡುತ್ತಾನೆ, ಉಗಿಯುತ್ತಾನೆ. ಆಮೇಲೆ ಮ್ಯಾಕರೋನಿಗೆ 'ನನ್ನನ್ನು ಕೆಣಕಿದೆ, ಈಗ ನಿನ್ನನ್ನು ಮುಗಿಸುತ್ತೇನೆ' ಅನ್ನುವ ಅರ್ಥದ ಬೆದರಿಕೆ ಹಾಕಿ ಬಾಯಿತುಂಬ ತುರುಕುತ್ತಾನೆ. ಕೇಳಬೇಕಾದ್ದು ಇಷ್ಟು: ಅಮೆರಿಕದ ತಿಂಡಿ ಮಾಡುವಾಗ ದನಿ ಮೂಗಿನಲ್ಲಿ, ಅರ್ಥವಿಲ್ಲದ ನಕಲಿ ಇಂಗ್ಲಿಷ್, ಪಾಸ್ತಾ ಬಾಯಿಗೆ ಬಿದ್ದ ಕೂಡಲೇ ದನಿ ಎದೆಗಿಳಿದು ಶುದ್ಧ ರೋಮ್ ಆಡುಮಾತು. ಒಲ್ಲಿಯೊನ ಸೂತ್ರವನ್ನೇ ಇಲ್ಲಿ ತಿರುಗಿಸಿ ಹಾಕಿದ್ದಾನೆ. ಆಗ ಇಂಗ್ಲಿಷಿನವನು ಇಟಾಲಿಯನ್ ಕೆಡಿಸುತ್ತಿದ್ದ, ಈಗ ಇಟಲಿಯವನು ಇಂಗ್ಲಿಷ್ ಕೆಡಿಸುತ್ತಾನೆ.

ಮೊನಿಚೆಲ್ಲಿಯ 'ಲಾ ಗ್ರಾಂದೆ ಗ್ವೆರ್ರಾ' (1959), ವೆನಿಸ್ ಚಿತ್ರೋತ್ಸವದಲ್ಲಿ ಸ್ವರ್ಣಸಿಂಹ ಪ್ರಶಸ್ತಿಯನ್ನು ರೊಸ್ಸೆಲಿನಿಯ ಚಿತ್ರದೊಡನೆ ಹಂಚಿಕೊಂಡದ್ದು, ಈ ದನಿಯ ಕಠಿಣ ಪರೀಕ್ಷೆ. ಮೊದಲ ಮಹಾಯುದ್ಧದಲ್ಲಿ ಕೆಲಸ ತಪ್ಪಿಸುವುದೇ ಕಸುಬಾದ ಇಬ್ಬರು ಸೈನಿಕರು ಆಸ್ಟ್ರಿಯನ್ನರ ಕೈಗೆ ಸಿಗುತ್ತಾರೆ. ವಿತ್ತೋರಿಯೊ ಗಾಸ್ಮನ್‌ನ ಪಾತ್ರ ಅವಮಾನಕ್ಕೆ ಕೆರಳಿ, ಗುಟ್ಟು ಬಿಡದೆ ಗುಂಡಿಗೆ ಎದೆ ಕೊಡುತ್ತದೆ. ಸೋರ್ದಿಯ ಪಾತ್ರ ಕಡೆಯವರೆಗೂ ಗೋಳಾಡುತ್ತದೆ: ನನಗೇನೂ ಗೊತ್ತಿಲ್ಲ, ಗೊತ್ತಿದ್ದರೆ ಹೇಳುತ್ತಿದ್ದೆ, ನಾನು ಪುಕ್ಕಲ, ಎಲ್ಲರಿಗೂ ಗೊತ್ತು. ಗುಟ್ಟು ಅವನಿಗೂ ಗೊತ್ತು, ಹೇಳುವುದಿಲ್ಲ. ಸಾಧಾರಣ ನಟ ಇಲ್ಲಿ ದನಿಯಲ್ಲಿ ಒಂದು ಚೂರು ಶೌರ್ಯ ಬೆರೆಸಿ ಕೆಡಿಸುತ್ತಿದ್ದ. ಸೋರ್ದಿ ಬೆರೆಸಲಿಲ್ಲ.

ಡೀನೊ ರೀಸಿಯ 'ಉನಾ ವೀತಾ ದಿಫೀಚಿಲೆ' (1961) ಅವನ ಸರ್ವಶ್ರೇಷ್ಠ ಚಿತ್ರ ಅನ್ನುವವರಿದ್ದಾರೆ, ಒಪ್ಪಬಹುದು. ಇನ್ನೊಂದು ಚಿತ್ರದಲ್ಲಿ ವಿಚಾರಣೆಯಿಲ್ಲದೆ ಜೈಲಲ್ಲಿ ಕೊಳೆಯುವವನ ಪಾತ್ರಕ್ಕೆ 1972ರಲ್ಲಿ ಬರ್ಲಿನ್ ಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿ ಬಂತು. ದಶಕಗಳ ಕಾಲ ಜೊತೆಗಿದ್ದ ಚಿತ್ರಕಥೆಗಾರ ರೊದೊಲ್ಫೊ ಸೊನೇಗೊ ಇಲ್ಲದೆ ಈ ಬದುಕನ್ನು ಹೇಳಲಾಗದು. 1977ರ 'ಉನ್ ಬೊರ್ಗೇಸೆ ಪಿಕ್ಕೊಲೊ ಪಿಕ್ಕೊಲೊ'ದಲ್ಲಿ ಮಗನನ್ನು ಕಳೆದುಕೊಂಡ ಗುಮಾಸ್ತ ಕೊಂದವನನ್ನು ಹಿಡಿದು ಕಟ್ಟಿಹಾಕುತ್ತಾನೆ. ಮೊದಲರ್ಧದಲ್ಲಿ ಮೇಲಧಿಕಾರಿಗಳ ಮುಂದೆ ಹಲ್ಲುಗಿಂಜುವ ದನಿ, ಎರಡನೆಯ ಅರ್ಧದಲ್ಲಿ ಬತ್ತಿಹೋಗಿರುತ್ತದೆ. 2000ದಲ್ಲಿ, 80ನೇ ಹುಟ್ಟುಹಬ್ಬದಂದು, ರೋಮ್ ಅವನನ್ನು ಒಂದು ದಿನದ ಮೇಯರ್ ಮಾಡಿತು. 2003ರ ಫೆಬ್ರವರಿಯಲ್ಲಿ ತೀರಿಕೊಂಡ.

ನೋಡುವವರು ಇಂಗ್ಲಿಷ್ ಡಬ್ಬಿಂಗ್ ಇರುವ ಪ್ರತಿ ಬಿಟ್ಟು ಇಟಾಲಿಯನ್ ಟ್ರ್ಯಾಕ್ ಹಾಕಿಕೊಳ್ಳಿ. ಮೊದಲು ಸಬ್‌ಟೈಟಲ್ ಇಟ್ಟು ಕಥೆ ತಿಳಿಯಿರಿ. ಆಮೇಲೆ ಅದನ್ನು ತೆಗೆದು ಎರಡು ದೃಶ್ಯಗಳನ್ನು ಕಣ್ಣು ಮುಚ್ಚಿ ಕೇಳಿ. ಕಂಠದಾನ ಕಲಿಯುವವರು ಮ್ಯಾಕರೋನಿ ದೃಶ್ಯದ ಮೂವತ್ತು ಸೆಕೆಂಡನ್ನು ಲೂಪ್ ಮಾಡಿ, ಮಾತು ಬಿಟ್ಟು ಉಸಿರನ್ನಷ್ಟೇ ಹಾಳೆಯ ಮೇಲೆ ಗುರುತು ಹಾಕಿಕೊಳ್ಳಬಹುದು. ಹೋಲಿಸಿ ನೋಡಲು 1965ರ ವಿಮಾನ ಸ್ಪರ್ಧೆಯ ಇಂಗ್ಲಿಷ್ ಹಾಸ್ಯಚಿತ್ರದಲ್ಲಿ ಅವನು ಮಾಡಿದ ಕೌಂಟ್ ಎಮಿಲಿಯೊ ಪೊಂತಿಚೆಲ್ಲಿಯ ಪಾತ್ರವಿದೆ. ಮೀಸೆ, ಕಣ್ಣು, ಕೈ ಎಲ್ಲ ಅವನದೇ. ಇಂಗ್ಲಿಷ್ ಮಾತಿನಲ್ಲಿ ಉಸಿರು ಮಾತ್ರ ಅರ್ಧ ಕ್ಷಣ ತಡವಾಗಿ ಬಂದಂತೆ ಕೇಳುತ್ತದೆ, ನಗು ಅಷ್ಟರಲ್ಲೇ ತಪ್ಪಿಹೋಗುತ್ತದೆ.