ಮೆರ್ಕೆಲ್ ಸೆಲ್ ಕಾರ್ಸಿನೋಮ ಅಂದರೆ ಮೆಲನೋಮ ಅಲ್ಲ

'ಮೆರ್ಕೆಲ್ ಸೆಲ್ ಎಂಬ ಮೆಲನೋಮ' ಅಂತ ಮತ್ತೆ ಒಂದು ಕಡೆ ಓದಿದೆ. ಚರ್ಮದ ಕ್ಯಾನ್ಸರ್ ಎಲ್ಲಕ್ಕೂ ಮೆಲನೋಮ ಅನ್ನುವ ಅಭ್ಯಾಸ ಇನ್ನಾದರೂ ನಿಲ್ಲಬೇಕು. ಮೆಲನೋಮ ಹುಟ್ಟುವುದು ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಿಂದ. ಮೆರ್ಕೆಲ್ ಸೆಲ್ ಕಾರ್ಸಿನೋಮ ಬೇರೆಯೇ ಒಂದು ಚರ್ಮದ ಕ್ಯಾನ್ಸರ್, ಅದರ ಗಂಟಿಗೂ ಆ ಬಣ್ಣಕ್ಕೂ ಸಂಬಂಧವೇ ಇಲ್ಲ. ಜಾಸ್ತಿ ಕಾಣುವುದು ವಯಸ್ಸಾದವರಲ್ಲಿ, ಮುಖ, ಕತ್ತಿನಂತಹ ಬಿಸಿಲು ಬೀಳುವ ಜಾಗದಲ್ಲಿ. ಕೆಂಪು ಅಥವಾ ನೇರಳೆ ಬಣ್ಣದ ಗಟ್ಟಿ ಗಂಟು. ಸಾಮಾನ್ಯವಾಗಿ ನೋವಿರುವುದಿಲ್ಲ, ಆದರೆ ಬೇಗಬೇಗ ದೊಡ್ಡದಾಗುತ್ತದೆ. ಕಪ್ಪು ಮಚ್ಚೆಗೆ ಮಾತ್ರ ಹೆದರುವವರು ಇದನ್ನು ಸುಮ್ನೆ ಒಂದು ಗುಳ್ಳೆ ಅಂತ ಬಿಟ್ಟುಬಿಡುತ್ತಾರೆ. ನನ್ನ ಸಿಟ್ಟು ಅದಕ್ಕೇ.

ಹೆಸರೂ ದಾರಿ ತಪ್ಪಿಸುತ್ತದೆ. ಜರ್ಮನಿಯ ಅಂಗರಚನಾ ತಜ್ಞ ಫ್ರೀಡ್ರಿಕ್ ಮೆರ್ಕೆಲ್ ಈ ಕ್ಯಾನ್ಸರ್ ಕಂಡುಹಿಡಿದವರಲ್ಲ. 1875ರಲ್ಲಿ ಅವರು ವಿವರಿಸಿದ್ದು ಚರ್ಮದಲ್ಲಿರುವ, ಸ್ಪರ್ಶ ತಿಳಿಸುವ ಕೋಶಗಳನ್ನು. ಕ್ಯಾನ್ಸರಿನ ವಿವರಣೆ ಬಂದಿದ್ದು 1972ರಲ್ಲಿ, ಪ್ಯಾಥಾಲಜಿಸ್ಟ್ (ಅಂಗಾಂಶ ಪರೀಕ್ಷಿಸಿ ರೋಗ ಗುರುತಿಸುವ ವೈದ್ಯರು) ಸಿರಿಲ್ ಟೋಕರ್ ಅವರಿಂದ. ಅವರು ಅದನ್ನು ಟ್ರಾಬೆಕ್ಯುಲರ್ ಕಾರ್ಸಿನೋಮ ಎಂದು ಕರೆದರು. ಆಮೇಲೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ, ಮೆರ್ಕೆಲ್ ಕೋಶಗಳಲ್ಲಿರುವಂಥ ಪುಟ್ಟ ಕಣಗಳು ಇದರಲ್ಲೂ ಕಂಡವು. ಹೆಸರು ಅಂಟಿಕೊಂಡಿದ್ದು ಹಾಗೆ. ಆದರೆ ಇದು ನಿಜಕ್ಕೂ ಮೆರ್ಕೆಲ್ ಕೋಶದಿಂದಲೇ ಹುಟ್ಟುತ್ತದೆ ಅನ್ನುವುದನ್ನು ಇವತ್ತು ಎಲ್ಲರೂ ಒಪ್ಪುವುದಿಲ್ಲ. 2008ರಲ್ಲಿ ಪಿಟ್ಸ್‌ಬರ್ಗ್‌ನ ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ತಂಡ ಈ ಗಂಟುಗಳಲ್ಲಿ ಒಂದು ಹೊಸ ಪಾಲಿಯೋಮಾ ವೈರಸ್ಸನ್ನೂ ಪತ್ತೆಹಚ್ಚಿತು. ಬಹುಪಾಲು ಪ್ರಕರಣಗಳಲ್ಲಿ ಅದು ಸಿಗುತ್ತದೆ. ವೈರಸ್ ಇಲ್ಲದ ಗಂಟುಗಳಲ್ಲಿ ಬಿಸಿಲಿನಿಂದಾದ ಡಿಎನ್‌ಎ ಹಾನಿ ಎದ್ದು ಕಾಣುತ್ತದೆ.

ಕಣ್ಣಿನಿಂದ ನೋಡಿ ಇದನ್ನು ಖಚಿತವಾಗಿ ಹೇಳಲು ಆಗುವುದಿಲ್ಲ, ಗಂಟಿನ ತುಣುಕು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುವ ಬಯಾಪ್ಸಿ ಬೇಕೇಬೇಕು. ಸ್ಲೈಡಿನಲ್ಲಿ ಒತ್ತಾಗಿ ತುಂಬಿದ ಸಣ್ಣ, ದುಂಡನೆಯ ನೀಲಿ ಕೋಶಗಳು. ಕೋಶದ ತುಂಬಾ ನ್ಯೂಕ್ಲಿಯಸ್ಸೇ. ಅದರೊಳಗಿನ ಕ್ರೊಮಾಟಿನ್, ಅಂದರೆ ಡಿಎನ್‌ಎ ಇರುವ ವಸ್ತು, ಉಪ್ಪು, ಮೆಣಸಿನಪುಡಿ ಉದುರಿಸಿದ ಹಾಗೆ. ವಿಭಜನೆ ಆಗುತ್ತಿರುವ ಕೋಶಗಳೂ ಬೇಕಾದಷ್ಟು. ಇಷ್ಟರಿಂದಲೇ ತೀರ್ಮಾನ ಆಗುವುದಿಲ್ಲ, ಯಾಕೆಂದರೆ ಶ್ವಾಸಕೋಶದ ಸ್ಮಾಲ್ ಸೆಲ್ ಕ್ಯಾನ್ಸರ್ ಚರ್ಮಕ್ಕೆ ಹರಡಿದರೂ ಹೆಚ್ಚುಕಮ್ಮಿ ಇದೇ ನೋಟ. ಬಿಳಿ ರಕ್ತಕಣಗಳ ಕ್ಯಾನ್ಸರ್ ಆದ ಲಿಂಫೋಮಾ ಕೂಡ ಮೋಸ ಮಾಡಬಲ್ಲದು.

ಇಲ್ಲಿ ಕೈಹಿಡಿಯುವುದು ಸಿಕೆ20 ಎಂಬ ಸ್ಟೇನ್, ಅಂದರೆ ಕೋಶದಲ್ಲಿ ಆ ಹೆಸರಿನ ಪ್ರೋಟೀನ್ ಇದ್ದರೆ ಬಣ್ಣ ಕಟ್ಟಿ ತೋರಿಸುವ ಪರೀಕ್ಷೆ. ಅದನ್ನು ಹಾಕಿದಾಗ ನ್ಯೂಕ್ಲಿಯಸ್ಸಿನ ಪಕ್ಕದಲ್ಲೇ ಕಂದು ಬಣ್ಣದ ಒಂದು ಚುಕ್ಕೆ ಕೂರುತ್ತದೆ. ಒಂದೊಂದು ಕೋಶಕ್ಕೂ ಒಂದೊಂದು ಬೊಟ್ಟು. ಜೊತೆಗೆ, ಶ್ವಾಸಕೋಶದ ಸ್ಮಾಲ್ ಸೆಲ್ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಕಾಣುವ ಟಿಟಿಎಫ್-1 ಎಂಬ ಪ್ರೋಟೀನಿನ ಸ್ಟೇನ್ ನೆಗೆಟಿವ್ ಬಂದರೆ ಶ್ವಾಸಕೋಶದ ಅನುಮಾನ ಬಹಳ ಮಟ್ಟಿಗೆ ಕಳೆಯಿತು. ಮೆಲನೋಮ ಆಗಿದ್ದರೆ ಸಾಕ್ಸ್10 ಎಂಬ ಇನ್ನೊಂದು ಸ್ಟೇನ್ ಸಾಮಾನ್ಯವಾಗಿ ಪಾಸಿಟಿವ್ ಇರುತ್ತಿತ್ತು. ಲಿಂಫೋಮಾಕ್ಕೆ ಸಿಡಿ45 ಎಂಬ ಸ್ಟೇನ್ ನೋಡುತ್ತಾರೆ. ಕೆಲವು ಮೆರ್ಕೆಲ್ ಗಂಟುಗಳಲ್ಲಿ ಸಿಕೆ20 ಕೂಡ ಕೈಕೊಡುತ್ತದೆ. ಅದಕ್ಕೇ ಒಳ್ಳೆಯ ಪ್ಯಾಥಾಲಜಿಸ್ಟ್ ಒಂದೇ ಸ್ಟೇನ್ ನಂಬಿ ರಿಪೋರ್ಟ್ ಬರೆಯುವುದಿಲ್ಲ.