ಝೆರಾಕ್ಸ್ ಅಂಗಡಿಯ ಹಳೆ ಕಂಪ್ಯೂಟರ್ ಮಾರುವ ಮುಂಚೆ

ಬಾಗಲಕೋಟೆಯ ನವನಗರದಲ್ಲಿ ಝೆರಾಕ್ಸ್, ಡಿಟಿಪಿ ಅಂಗಡಿಗಳಿಗೆ ಬರವಿಲ್ಲ. ಸರ್ಕಾರಿ ಕಚೇರಿ ಎಲ್ಲಿದೆಯೋ ಅಲ್ಲಿ ಅವೂ ಇವೆ. ಅಂಥ ಅಂಗಡಿಯ ಕಂಪ್ಯೂಟರ್‌ನಲ್ಲಿ ಡೌನ್‌ಲೋಡ್ಸ್ ಫೋಲ್ಡರ್ ಒಮ್ಮೆ ತೆರೆದು ನೋಡಬೇಕು. “ಅಣ್ಣಾರ, ವಾಟ್ಸಾಪಿಗೆ ಕಳಿಸೀನ್ರಿ, ಎರಡು ಪ್ರಿಂಟ್ ತಗೀರಿ” ಎಂದು ಬಂದವರ ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟ, ಹೊಲದ ಉತಾರ (ಪಹಣಿ), ಮಕ್ಕಳ ಮಾರ್ಕ್ಸ್ ಕಾರ್ಡ್, ಜಾತಿ-ಆದಾಯ ಪ್ರಮಾಣಪತ್ರ ಎಲ್ಲ ಅಲ್ಲೇ ಸಾಲಾಗಿ ಬಿದ್ದಿರುತ್ತವೆ. ಬಂದವರು ರೊಕ್ಕ ಕೊಟ್ಟು ಕಾಗದ ಹಿಡಿದು ಹೋದರು. ಫೈಲ್ ಮಾತ್ರ ಹೋಗಲಿಲ್ಲ.

ಅಂಥ ಕಂಪ್ಯೂಟರ್‌ಗಳು ಈಗ ಮಾರಾಟಕ್ಕೆ ಬರುವ ಕಾಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲಿ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಸ್ವಲ್ಪ ಹೊಸ ಪ್ರೊಸೆಸರ್ ಬೇಕು. ಎಷ್ಟೋ ಹಳೆ ಕಂಪ್ಯೂಟರ್‌ಗಳಲ್ಲಿ ಇವು ಇಲ್ಲ. ಹಾಗಾಗಿ ಎಕ್ಸ್‌ಚೇಂಜ್‌ಗೋ ಸೆಕೆಂಡ್ ಹ್ಯಾಂಡ್ ಅಂಗಡಿಗೋ ಹೋಗುತ್ತವೆ. ಕೊಡುವವರನ್ನು ಕೇಳಿದರೆ, “ನಂದರಾಗ ಏನೈತ್ರಿ ಅಂಥಾದ್ದು?” ಎನ್ನುತ್ತಾರೆ. ಅವರದ್ದು ಏನೂ ಇಲ್ಲದೆ ಇರಬಹುದು. ಊರವರದ್ದು ಇದೆಯಲ್ಲ!

ಬಿಡಿ, ಅವರೂ ಸುಮ್ನೆ ಕೊಡುವುದಿಲ್ಲ. ಎಲ್ಲ ಡಿಲೀಟ್ ಮಾಡಿ, ರೀಸೈಕಲ್ ಬಿನ್ ಖಾಲಿ ಮಾಡಿಯೇ ಕೊಡುತ್ತಾರೆ. ಆದರೆ ಡಿಲೀಟ್ ಎಂದಾಗ ಡಿಸ್ಕಿನ ಒಳಗೆ ನಡೆಯುವುದೇ ಬೇರೆ. ಯಾವ ಫೈಲ್ ಎಲ್ಲಿ ಇದೆ ಎಂದು ಹೇಳುವ ಒಂದು ಪಟ್ಟಿ ಡಿಸ್ಕಿನಲ್ಲಿ ಇರುತ್ತದೆ. ವಿಂಡೋಸ್‌ನಲ್ಲಿ ಇದಕ್ಕೆ ಮಾಸ್ಟರ್ ಫೈಲ್ ಟೇಬಲ್ ಎನ್ನುತ್ತಾರೆ. ಡಿಲೀಟ್ ಮಾಡಿದಾಗ ಆ ಫೈಲಿನ ದಾಖಲೆ ರದ್ದಾಗುತ್ತದೆ, ಅದರ ಜಾಗ ಖಾಲಿ ಎಂದು ಗುರುತಾಗುತ್ತದೆ, ಅಷ್ಟೇ. ಉತಾರದಲ್ಲಿ ಹೆಸರು ಕಡಿಮೆ ಮಾಡಿದ ಹಾಗೆ. ಹೊಲದಲ್ಲಿ ಜೋಳ ನಿಂತೇ ಇರುತ್ತದೆ. ಮುಂದೆ ಇನ್ನೊಂದು ಫೈಲ್ ಬಂದು ಅದೇ ಜಾಗದ ಮೇಲೆ ಬರೆಯುವ ತನಕ ಹಳೆಯದು ಹಾಗೇ ಉಳಿಯುತ್ತದೆ.

ಇದು ಕಂಪ್ಯೂಟರ್ ಮಾಡಿದವರ ಸೋಮಾರಿತನ ಅಲ್ಲ. ಎರಡು ಜಿಬಿಯ ಮದುವೆ ವಿಡಿಯೋ ನಿಜವಾಗಿ ಅಳಿಸಬೇಕೆಂದರೆ ಎರಡು ಜಿಬಿಯಷ್ಟು ಸೊನ್ನೆ ಬರೆಯಬೇಕು. ಪ್ರತಿ ಡಿಲೀಟ್‌ಗೂ ಅಷ್ಟು ಹೊತ್ತು ಕಾಯಲು ಯಾರಿಗೂ ತಾಳ್ಮೆ ಇಲ್ಲ. ಅದಕ್ಕೇ ಈ ಅಡ್ಡದಾರಿ.

ಇದರ ಲಾಭ ಪಡೆಯುವ ಸಾಫ್ಟ್‌ವೇರ್‌ಗಳು ಪುಕ್ಕಟೆ ಸಿಗುತ್ತವೆ. ಫೋಟೋರೆಕ್ ಎಂಬುದೊಂದಿದೆ. ಅದು ಆ ಪಟ್ಟಿಯ ಹಂಗಿಗೇ ಹೋಗುವುದಿಲ್ಲ. ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾ ಫೈಲಿನ ತಲೆಯನ್ನು ಹುಡುಕುತ್ತದೆ. ಪಿಡಿಎಫ್ ಫೈಲ್ ಶೇಕಡಾ ಚಿಹ್ನೆ ಮತ್ತು ‘ಪಿಡಿಎಫ್’ ಎಂಬ ಮೂರು ಅಕ್ಷರಗಳಿಂದ ಶುರುವಾಗುತ್ತದೆ. ಜೆಪೆಗ್ ಫೋಟೋಗೂ ಇಂಥದ್ದೇ ಗುರುತು ಇದೆ. ಗುರುತು ಸಿಕ್ಕಿತೆಂದರೆ ಅಲ್ಲಿಂದ ಮುಂದಿನದ್ದನ್ನು ಎತ್ತಿಕೊಳ್ಳುತ್ತದೆ. ಕೈತಪ್ಪಿ ಅಳಿಸಿದ ಫೋಟೋಗಳು ಸಿಕ್ಕಾಗ ಈ ಸಾಫ್ಟ್‌ವೇರನ್ನು ಹರಸಿದವರು ಎಷ್ಟೋ ಜನ. ಹಳೆ ಡಿಸ್ಕ್ ಕೊಂಡ ಅಪರಿಚಿತನ ಕೈಯಲ್ಲೂ ಅದು ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ.

“ಫಾರ್ಮ್ಯಾಟ್ ಹೊಡೆದು ಕೊಟ್ಟೀನಿ” ಎಂಬ ಮಾತನ್ನೂ ಪೂರ್ತಿ ನಂಬುವಂತಿಲ್ಲ. ಕ್ವಿಕ್ ಫಾರ್ಮ್ಯಾಟ್ ಎಂಬುದು ಹಳೆ ಪಟ್ಟಿಯ ಬದಲು ಹೊಸ ಖಾಲಿ ಪಟ್ಟಿ ಇಡುವ ಕೆಲಸ, ಕೆಲವೇ ಸೆಕೆಂಡಿನದ್ದು. ಕ್ವಿಕ್ ಎಂಬ ಟಿಕ್ ತೆಗೆದು ಮಾಡುವ ಫುಲ್ ಫಾರ್ಮ್ಯಾಟ್ ಬೇರೆ. ವಿಂಡೋಸ್ ವಿಸ್ತಾ ಬಂದಾಗಿನಿಂದ ಅದು ಇಡೀ ಡ್ರೈವ್ ಮೇಲೆ ಸೊನ್ನೆ ಬರೆಯುತ್ತದೆ. ಸೆಕೆಂಡಿಗೆ 100 ಎಂಬಿ ವೇಗದ 500 ಜಿಬಿ ಹಾರ್ಡ್ ಡಿಸ್ಕಿಗೆ ಇದು ಸುಮಾರು ಒಂದೂವರೆ ಗಂಟೆಯ ಕೆಲಸ. ಹುಡುಗ ಎರಡು ನಿಮಿಷದಲ್ಲಿ ಫಾರ್ಮ್ಯಾಟ್ ಮುಗಿಸಿ ಕೊಟ್ಟನೆಂದರೆ ಏನು ನಡೆದಿದೆ ಎಂದು ಗೊತ್ತಾಯಿತಲ್ವಾ?

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಎಂಬ ಇಬ್ಬರು ಇದನ್ನು ಪರೀಕ್ಷಿಸಿಯೇ ಬಿಟ್ಟರು. 2000ದಿಂದ 2002ರ ನಡುವೆ ಹಳೆ ಡಿಸ್ಕ್‌ಗಳನ್ನು ಅಲ್ಲಿ ಇಲ್ಲಿ ಕೊಂಡರು, ಒಟ್ಟು 158. ಓದಲು ಬಂದವು 129. ಅವುಗಳಲ್ಲಿ ಸರಿಯಾಗಿ ಅಳಿಸಿದ್ದು ಬರೀ 12. ಉಳಿದವುಗಳಲ್ಲಿ 5,000ಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ನಂಬರ್‌ಗಳು ಸಿಕ್ಕವು. ಒಂದು ಡಿಸ್ಕಿನಲ್ಲಂತೂ ಎಟಿಎಂ ಒಂದರ ವಹಿವಾಟಿನ ದಾಖಲೆಗಳೇ ಇದ್ದವು. 2003ರಲ್ಲಿ ಅವರ ಲೇಖನ ಪ್ರಕಟವಾಯಿತು. ಹಳೆ ಕಥೆ ಎನ್ನಬೇಡಿ. ಮಾರ್ಗನ್ ಸ್ಟಾನ್ಲಿ ಎಂಬ ಭಾರಿ ಹಣಕಾಸು ಕಂಪನಿ ತನ್ನ ಹಳೆ ಡಿಸ್ಕ್ ವಿಲೇವಾರಿಯನ್ನು ಸಾಮಾನು ಸಾಗಿಸುವ ಕಂಪನಿಗೆ ವಹಿಸಿತ್ತು. ಗ್ರಾಹಕರ ಮಾಹಿತಿ ಇದ್ದ ಕೆಲವು ಸಾಧನಗಳು ಹರಾಜಿನ ಜಾಲತಾಣಕ್ಕೆ ಬಂದವು. 2022ರಲ್ಲಿ ಅದಕ್ಕೆ ಬಿದ್ದ ದಂಡ 3.5 ಕೋಟಿ ಡಾಲರ್.

ಹಾಗಾದರೆ ಎಷ್ಟು ಸಲ ಅಳಿಸಬೇಕು? 35 ಸಲ ಎಂಬ ಮಾತು ಈಗಲೂ ಓಡಾಡುತ್ತದೆ. 1996ರಲ್ಲಿ ಕಂಪ್ಯೂಟರ್ ಭದ್ರತೆಯ ಸಂಶೋಧಕ ಪೀಟರ್ ಗುಟ್‌ಮನ್ ಬರೆದ ಲೇಖನದಿಂದ ಬಂದದ್ದು ಅದು. ಆಗಿನ ಬೇರೆ ಬೇರೆ ಜಾತಿಯ ಡಿಸ್ಕ್‌ಗಳನ್ನೆಲ್ಲ ಸೇರಿಸಿ ಮಾಡಿದ ಪಟ್ಟಿಯದು. ಒಂದೇ ಡಿಸ್ಕಿಗೆ 35 ಸಲವೂ ಬೇಕಿಲ್ಲ ಎಂದು ಮುಂದೆ ಅವರೇ ಹೇಳಿದರು. ಈಗಿನ ಹಾರ್ಡ್ ಡಿಸ್ಕಿನ ಎಲ್ಲ ಕಡೆ ಒಂದು ಸಲ ಸರಿಯಾಗಿ ಬರೆದರೆ ಸಾಕು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2014ರಲ್ಲಿ ಕೊಟ್ಟ ಮಾರ್ಗಸೂಚಿಯೂ ಇದನ್ನೇ ಹೇಳಿತ್ತು.

ಇದು ತಿರುಗುವ ಹಾರ್ಡ್ ಡಿಸ್ಕಿನ ಮಾತು. ತಿರುಗುವ ತಟ್ಟೆಯಿಲ್ಲದೆ ಚಿಪ್‌ನಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿಯ ದಾರಿಯೇ ಬೇರೆ. ಅದರ ಚಿಪ್‌ನ ಒಂದೊಂದು ಕೋಶವೂ ಇಷ್ಟು ಸಲ ಬರೆದ ಮೇಲೆ ಸವೆಯುತ್ತದೆ. ಎಲ್ಲ ಕಡೆ ಸಮನಾಗಿ ಸವೆಯಲಿ ಎಂದು ಅದರೊಳಗಿನ ಕಂಟ್ರೋಲರ್ ನೀವು ಬರೆದದ್ದನ್ನು ಪ್ರತಿ ಸಲ ಬೇರೆ ಬೇರೆ ಜಾಗಕ್ಕೆ ಕಳಿಸುತ್ತದೆ. ಫೈಲಿನ ಮೇಲೆ ಸೊನ್ನೆ ಬರೆದೆ ಎಂದು ನೀವು ಅಂದುಕೊಂಡರೂ ಸೊನ್ನೆ ಬಿದ್ದದ್ದು ಇನ್ನೊಂದು ಕಡೆ. ಜೊತೆಗೆ ವಿಂಡೋಸ್‌ಗೆ ಕಾಣದಂತೆ ಒಂದಷ್ಟು ಹೆಚ್ಚುವರಿ ಜಾಗವನ್ನೂ ಅದು ಇಟ್ಟುಕೊಂಡಿರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಸಂಶೋಧಕರು 2011ರಲ್ಲಿ ಇದನ್ನು ಚಿಪ್ ಬಿಚ್ಚಿ ನೋಡಿದರು. ಹಾರ್ಡ್ ಡಿಸ್ಕಿಗೆಂದು ಮಾಡಿದ, ಒಂದೊಂದೇ ಫೈಲ್ ಅಳಿಸುವ ಯಾವ ವಿಧಾನವೂ ಎಸ್‌ಎಸ್‌ಡಿಯಲ್ಲಿ ಫಲ ಕೊಡಲಿಲ್ಲ. ಒಂದು ಡ್ರೈವ್ ಅಂತೂ ಎಲ್ಲ ಅಳಿಸಿದೆ ಎಂದು ವರದಿ ಕೊಟ್ಟು, ಒಳಗೆ ಎಲ್ಲವನ್ನೂ ಹಾಗೇ ಇಟ್ಟುಕೊಂಡಿತ್ತು! ಟ್ರಿಮ್ ಎಂಬ ಆದೇಶ ಬಂದ ಮೇಲೆ ಪರಿಸ್ಥಿತಿ ಸುಧಾರಿಸಿದೆ. ಡಿಲೀಟ್ ಆದ ಜಾಗ ಯಾವುದೆಂದು ವಿಂಡೋಸ್ ಹೇಳುತ್ತದೆ, ಎಸ್‌ಎಸ್‌ಡಿ ತನ್ನ ಬಿಡುವಿನಲ್ಲಿ ಅದನ್ನು ತೊಳೆಯುತ್ತದೆ. ಯಾವಾಗ ತೊಳೆಯುತ್ತದೆ ಎನ್ನುವುದು ಮಾತ್ರ ಅದರ ಇಷ್ಟ.

ಅದಕ್ಕೇ ಎಸ್‌ಎಸ್‌ಡಿಗೆ ನನಗೆ ಒಪ್ಪಿಗೆಯಾದ ಉಪಾಯ ಎನ್‌ಕ್ರಿಪ್ಷನ್. ಡಿಸ್ಕಿಗೆ ಹೋಗುವ ಪ್ರತಿ ಅಕ್ಷರವೂ ಒಂದು ಕೀ ಬಳಸಿ ಕಲಸಿಯೇ ಹೋಗುತ್ತದೆ. ಮಾರುವಾಗ ಆ ಕೀ ನಾಶವಾದರೆ ಉಳಿದದ್ದು ಯಾರಿಗೂ ಅರ್ಥವಾಗದ ಕಸ. ವಿಂಡೋಸ್‌ನ ಪ್ರೊ ಆವೃತ್ತಿ ಇದ್ದರೆ ಈ ಕೆಲಸಕ್ಕೆ ಅದರಲ್ಲೇ ಬಿಟ್‌ಲಾಕರ್ ಇದೆ. ಹೋಮ್ ಆವೃತ್ತಿ ಇದ್ದರೂ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಸಿಗುತ್ತದೆ. ಬಿಟ್‌ಲಾಕರ್ ಹಾಕುವಾಗ, ಬಳಸಿದ ಜಾಗ ಮಾತ್ರ ಸಾಕೋ ಇಡೀ ಡ್ರೈವ್ ಬೇಕೋ ಎಂದು ಕೇಳುತ್ತದೆ. ಹಳೆ ಕಂಪ್ಯೂಟರ್‌ನಲ್ಲಿ ಇಡೀ ಡ್ರೈವ್ ಎಂದೇ ಒತ್ತಿ. ಇಲ್ಲದಿದ್ದರೆ ಮೊದಲೇ ಡಿಲೀಟ್ ಆಗಿ ಬಿದ್ದಿರುವವು ಬಯಲಲ್ಲೇ ಉಳಿಯುತ್ತವೆ. ಕಂಪ್ಯೂಟರ್ ಕೊಂಡ ದಿನವೇ ಇದನ್ನು ಹಾಕಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ಆಮೇಲೆ ರೀಸೆಟ್. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿ, ಅಲ್ಲಿ ‘ರೀಸೆಟ್ ಪಿಸಿ’. ‘ರಿಮೂವ್ ಎವೆರಿಥಿಂಗ್’ ಎಂದು ಆರಿಸಿ ಮುಂದೆ ಓಡಬೇಡಿ. ‘ಚೇಂಜ್ ಸೆಟ್ಟಿಂಗ್ಸ್’ ಒಳಗೆ ‘ಕ್ಲೀನ್ ಡೇಟಾ’ ಎಂಬ ಸ್ವಿಚ್ ಇದೆ, ಅದನ್ನು ಆನ್ ಮಾಡಿ. ಅದರ ಹತ್ತಿರವೇ ಎಲ್ಲ ಡ್ರೈವ್‌ಗಳನ್ನೂ ಅಳಿಸಬೇಕೇ ಎಂಬ ಪ್ರಶ್ನೆ ಇರುತ್ತದೆ. ನಮ್ಮವರು ಮುಖ್ಯವಾದದ್ದನ್ನೆಲ್ಲ ಡಿ ಡ್ರೈವ್‌ನಲ್ಲೇ ಇಡುವುದು. ಟ್ಯಾಲಿ ಲೆಕ್ಕ, ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ಖರೀದಿ ಪತ್ರ, ಎಲ್ಲ. ಸಿ ಮಾತ್ರ ತೊಳೆದು ಕೊಟ್ಟರೆ ಏನು ಬಂತು? ಇಷ್ಟಕ್ಕೂ ಮುಂಚೆ ಬೇಕಾದದ್ದನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿ, ತೆರೆಯುತ್ತದೆಯೇ ನೋಡಿಕೊಳ್ಳಿ. ಮೊಬೈಲ್‌ನಲ್ಲಿ ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್‌ಗೆ ಹೋಗಿ ಆ ಕಂಪ್ಯೂಟರ್ ತೆಗೆಯಿರಿ. ಗೂಗಲ್ ಅಕೌಂಟ್‌ನಲ್ಲೂ ಹಾಗೇ.

ಕಾನೂನೂ ಈ ಕಡೆ ತಿರುಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದು, ಹಂತಹಂತವಾಗಿ ಜಾರಿಯಾಗುತ್ತಿವೆ. ಮನೆಯ ಸ್ವಂತ ಬಳಕೆಗೆ ಅದು ಅನ್ವಯಿಸುವುದಿಲ್ಲ. ವ್ಯವಹಾರಕ್ಕಾಗಿ ಬೇರೆಯವರ ಮಾಹಿತಿ ಇಟ್ಟುಕೊಳ್ಳುವವರ ಮಾತು ಬೇರೆ: ಕೆಲಸ ಮುಗಿದ ಮೇಲೆ ಅಳಿಸಬೇಕು ಎನ್ನುತ್ತದೆ ಕಾಯ್ದೆ.

ಝೆರಾಕ್ಸ್ ಮೆಷಿನ್‌ ಅನ್ನೂ ಮರೆಯುವಂತಿಲ್ಲ. ದೊಡ್ಡ ಡಿಜಿಟಲ್ ಮೆಷಿನ್‌ಗಳಲ್ಲಿ ಹಲವಕ್ಕೆ ಒಳಗೊಂದು ಹಾರ್ಡ್ ಡಿಸ್ಕ್ ಇರುತ್ತದೆ, ಪ್ರತಿ ಮಾಡಿದ ಕಾಗದಗಳ ಚಿತ್ರ ಅದರಲ್ಲಿ ಉಳಿದಿರಬಹುದು. ನ್ಯೂಯಾರ್ಕಿನ ಅಫಿನಿಟಿ ಎಂಬ ಆರೋಗ್ಯ ವಿಮಾ ಸಂಸ್ಥೆ ಬಾಡಿಗೆಗೆ ತಂದ ಮೆಷಿನ್‌ಗಳನ್ನು ಡಿಸ್ಕ್ ಅಳಿಸದೆ ಹಿಂದಿರುಗಿಸಿತು. 2013ರಲ್ಲಿ 12 ಲಕ್ಷ ಡಾಲರ್‌ಗೂ ಹೆಚ್ಚು ತೆರಬೇಕಾಯಿತು.

ಕಂಪ್ಯೂಟರ್ ಆನ್ ಆಗದಿದ್ದರೆ? ಆನ್ ಆಗದ್ದು ಮದರ್‌ಬೋರ್ಡ್ ಇರಬಹುದು, ಡಿಸ್ಕ್ ಚೆನ್ನಾಗೇ ಇರುತ್ತದೆ. ಗುಜರಿಗೆ ಹಾಕುವ ಮುಂಚೆ ಡಿಸ್ಕ್ ಬಿಚ್ಚಿಕೊಳ್ಳಿ, ಸ್ಕ್ರೂಡ್ರೈವರ್ ಒಂದಿದ್ದರೆ ಸಾಕು. ಮನೆಯ ಅಯಸ್ಕಾಂತ ಸವರಿದರೆ ಏನೂ ಆಗುವುದಿಲ್ಲ. ಬೆಂಕಿಗೆ ಹಾಕಿದರೆ ವಿಷದ ಹೊಗೆ. ಕೆಟ್ಟ ಹಾರ್ಡ್ ಡಿಸ್ಕಾದರೆ ಒಳಗಿನ ತಟ್ಟೆಗಳಿಗೇ ತೂತು ಕೊರೆಯಬೇಕು. ಲ್ಯಾಪ್‌ಟಾಪಿನದ್ದು ಎಷ್ಟೋ ಸಲ ಗಾಜಿನ ತಟ್ಟೆ, ಚೂರು ಹಾರುತ್ತವೆ, ಕಣ್ಣಿಗೆ ಕನ್ನಡಕ ಇರಲಿ. ಎಸ್‌ಎಸ್‌ಡಿಯಾದರೆ ಒಂದೊಂದು ಚಿಪ್ಪೂ ಪುಡಿಯಾಗಬೇಕು. ಡಿಸ್ಕ್ ಇನ್ನೂ ಗಟ್ಟಿ ಇದ್ದರೆ ಒಡೆಯುವುದೇಕೆ? ಯುಎಸ್‌ಬಿ ಕೇಸ್ ಒಂದಕ್ಕೆ ಹಾಕಿ ಬ್ಯಾಕಪ್‌ಗೆ ಇಟ್ಟುಕೊಂಡು, ಡಿಸ್ಕ್ ಇಲ್ಲದ ಕಂಪ್ಯೂಟರನ್ನೇ ಮಾರಿ. ಅಂಗಡಿಯವನು ರೇಟಿನಲ್ಲಿ ಸ್ವಲ್ಪ ಹಿಡಿದುಕೊಳ್ಳುತ್ತಾನೆ, ಹಿಡಿದುಕೊಳ್ಳಲಿ.